ಹೊದಿಕೆ ಬೇಕಾದ ಗಿಡ

ನಮ್ಮ ಮನೆಯಲ್ಲಿ ನನಗಿಂತ ಮೊದಲು ಹೊದಿಕೆ ಸಿಗುತ್ತಿದ್ದುದು ಒಂದು ಗಿಡಕ್ಕೆ. ದೂರು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಡಿಸೆಂಬರ್ ಕಾಲಿಟ್ಟಿತೆಂದರೆ ಸಂಜೆ ಐದರ ಹೊತ್ತಿಗೆ ಅವ್ವೆ, ಅಂದರೆ ನನ್ನ ತಾಯಿ, ಚಹಾ ಎಲೆ ತುಂಬುವ ಗೋಣಿಚೀಲವನ್ನು ಕೊಡವಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ದನದ ಕೊಟ್ಟಿಗೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದ ಆ ಗಿಡದ ಸುತ್ತ ಒಣಗಿದ ಜರಿಸೊಪ್ಪು ಒಟ್ಟಿ, ಮೇಲೆ ಚೀಲ ಹೊದಿಸಿ, ನಾಲ್ಕು ಕಡೆ ಕಲ್ಲಿಟ್ಟು, ಎಲ್ಲಿಯಾದರೂ ಸಂದು ಉಳಿದಿದೆಯೇ ಎಂದು ಒಂದು ಸುತ್ತು ಬಂದು ನೋಡುತ್ತಿದ್ದಳು. ಇಷ್ಟೆಲ್ಲ ಆದ ಮೇಲೆ ಒಳಗೆ ಬಂದು, ಮೂಗು ಸೋರಿಸಿಕೊಂಡು ಕೂತಿದ್ದ ನನ್ನನ್ನು ನೋಡಿ, "ನಿನ್ನ ಸ್ವೆಟರ್ ಎಲ್ಲಿ?" ಎಂದು ಗದರುತ್ತಿದ್ದಳು. ಆ ಗಿಡದ ಮೇಲೆ ನನಗೆ ಹೊಟ್ಟೆಕಿಚ್ಚು ಇದ್ದದ್ದು ನಿಜ.

ಗಿಡ ಎಂದರೆ ದೊಡ್ಡದೇನಲ್ಲ. ಈಗ ಮೈಸೂರಿನಲ್ಲಿ ನಾನಿರುವ ಬೀದಿಯ ಪ್ರತಿ ಮೂರನೇ ಮನೆಯ ಗೇಟಿನ ಪಕ್ಕ ಇರುವ ಅರೆಕಾ ಪಾಮ್ ಅದು. ಹಳದಿ ಕಾಂಡ, ಗರಿ ಗರಿ ಎಲೆ, ಒಂದು ಬುಡದಿಂದ ನಾಲ್ಕಾರು ಕವಲು. ಇಲ್ಲಿ ಯಾರೂ ಅದರ ಮುಖ ನೋಡುವುದಿಲ್ಲ, ಕಾರು ತೊಳೆದ ನೀರು ಕುಡಿದುಕೊಂಡು ಮಾಳಿಗೆ ಎತ್ತರ ಬೆಳೆಯುತ್ತದೆ. ಆದರೆ ನಾನು ಹುಟ್ಟಿ ಬೆಳೆದ ಹಟ್ಟಿ ಇರುವುದು ಊಟಿಯ ಪಕ್ಕದ ಕೆತ್ತಿ ಕಣಿವೆಯಲ್ಲಿ. ಅಲ್ಲಿ ಆ ಗಿಡವನ್ನು ಬದುಕಿಸುವುದೆಂದರೆ ಒಂದು ಮನೆಯ ಜನರೆಲ್ಲ ಸೇರಿ ಮಾಡಬೇಕಾದ ಕೆಲಸ.

ನಮ್ಮ ಹಟ್ಟಿಯಲ್ಲಿ ಮನೆಗಳು ಒಂದಕ್ಕೊಂದು ಗೋಡೆ ಕೊಟ್ಟು ಸಾಲಾಗಿ ನಿಂತಿವೆ. ಮೇಲಿನ ಸಾಲು, ಕೆಳಗಿನ ಸಾಲು ಎಂದು ಎರಡು. ನಮ್ಮದು ಕೆಳಗಿನ ಸಾಲಿನ ಕೊನೆಯ ಮನೆ. ಅದರಾಚೆ ಕೋಸಿನ ಹೊಲ, ಆಮೇಲೆ ಹಳ್ಳ. ಮೇಲೆ ಗುಡ್ಡದ ತುಂಬ ಚಹಾ. ಚಳಿ ನೀರಿದ್ದಂತೆ, ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಮೇಲಿನ ಸಾಲಿನವರ ಅಂಗಳ ಬರೀ ಒದ್ದೆಯಾಗಿರುವ ಬೆಳಿಗ್ಗೆ ನಮ್ಮ ಹಿತ್ತಲು ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಿರುತ್ತಿತ್ತು. ಹೆಪ್ಪುಗಟ್ಟಿದ ಆ ಇಬ್ಬನಿಗೆ ತಮಿಳಿನಲ್ಲಿ ಉರೈಪನಿ ಎಂಬ ಹೆಸರಿದೆ. ನಮ್ಮ ಮನೆಯಲ್ಲಿ ಹೆಸರೇ ಬೇಕಿರಲಿಲ್ಲ, "ಬೆಳ್ಳಗೆ ಬಿದ್ದಿದೆ" ಎಂದರೆ ಸಾಕು, ಎಲ್ಲರೂ ಹೊಲದ ಕಡೆ ಓಡುತ್ತಿದ್ದರು. ಮನೆಯಲ್ಲಿ ಆಡುತ್ತಿದ್ದುದು ಬಡಗ ಮಾತು, ನೀಲಗಿರಿಯ ನಮ್ಮ ಬಡಗರ ನುಡಿ. ಅದನ್ನು ಹಾಗೇ ಬರೆದರೆ ನನ್ನ ಕನ್ನಡದ ಗೆಳತಿಯರು ಅರ್ಧ ತಿಳಿದು ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸುತ್ತಾರೆ. ಆದ್ದರಿಂದ ಇಲ್ಲಿ ಸ್ವಲ್ಪ ಕನ್ನಡದ ಕಡೆಗೆ ಎಳೆದು ಬರೆಯುತ್ತಿದ್ದೇನೆ.

ಅವ್ವೆಯ ತವರು ಮಸಿನಗುಡಿ. ಅದೂ ನೀಲಗಿರಿಯೇ, ಆದರೆ ಗುಡ್ಡದ ಕೆಳಗೆ, ಕಾಡಿನ ಅಂಚಿನಲ್ಲಿ, ಬಿಸಿಲಿನ ಊರು. ಅವ್ವೆ ಮದುವೆಯಾಗಿ ಮೇಲೆ ಬಂದ ವರ್ಷ ಹಿಮ್ಮಡಿ ಒಡೆದು, ತುಟಿ ಒಡೆದು, ಮೂರು ತಿಂಗಳು ಒಲೆಯ ಮುಂದಿನಿಂದ ಎದ್ದಿರಲಿಲ್ಲವಂತೆ. ನಮ್ಮಲ್ಲಿ ಮದುವೆ ನಡೆಯುವುದು ಗಂಡಿನ ಹಟ್ಟಿಯಲ್ಲಿ. ಹೆಣ್ಣನ್ನು ಕರೆತರುತ್ತಾರೆ, ಗಂಡಿನ ತಾಯಿ ಹೆಣ್ಣಿನ ಊರಿಗೆ ಹೋಗಲೇಬೇಕೆಂದಿಲ್ಲ. ಈ ಅನುಕೂಲವನ್ನು ನನ್ನ ಹೆತ್ತೆ, ಎಂದರೆ ಅಪ್ಪನ ತಾಯಿ, ಹನ್ನೆರಡು ವರ್ಷ ಹಿಡಿದುಕೊಂಡು ಕೂತಿದ್ದಳು. ಒಂದು ಸಲವೂ ಅವಳು ಸೊಸೆಯ ತವರಿನ ಹೊಸ್ತಿಲು ತುಳಿದಿರಲಿಲ್ಲ. ಕಾರಣ ಜಂಬವಲ್ಲ, ಭಯ. ಅವಳು ಚಿಕ್ಕವಳಿದ್ದಾಗ ಅವಳ ಅಣ್ಣ ಎಮ್ಮೆ ಹೊಡೆದುಕೊಂಡು ಕೆಳಗಿಳಿದವನು ಜ್ವರ ಹಿಡಿದು ತಿರುಗಿ ಬಂದಿರಲಿಲ್ಲ. ಅಂದಿನಿಂದ ಅವಳ ಪಾಲಿಗೆ ಗುಡ್ಡದ ಕೆಳಗಿರುವುದೆಲ್ಲ ಜ್ವರದ ಊರು. ಮಸಿನಗುಡಿಯಲ್ಲಿ ಈಗ ಆಸ್ಪತ್ರೆ ಇದೆ, ರೆಸಾರ್ಟ್ ಇದೆ, ಐಸ್‌ಕ್ರೀಮ್ ಸಿಗುತ್ತದೆ ಎಂದರೂ ನಂಬುತ್ತಿರಲಿಲ್ಲ. ಅತ್ತ ನನ್ನ ತಾಯಿಯ ತಾಯಿ, ಅವಳನ್ನು ಮಸಿನಗುಡಿ ಹೆತ್ತೆ ಎನ್ನೋಣ, ನಾವು ಹೋದಾಗಲೆಲ್ಲ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದಳು. ನಾವೆಲ್ಲ ಇಳಿದ ಮೇಲೂ ಒಂದು ಕ್ಷಣ ನೋಡುತ್ತಿದ್ದಳು. ಆ ನೋಟ ಅವ್ವೆಯನ್ನು ಚುಚ್ಚುತ್ತಿತ್ತು. ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತಿರುಗಿ ಬಂದ ಮೇಲೆ ಎರಡು ದಿನ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು.

ನನಗೆ ಎಂಟು ವರ್ಷವಿದ್ದಾಗ ಹಾಗೆ ತಿರುಗಿ ಬಂದ ಒಂದು ಸಲ ಅವ್ವೆಯ ಕೈಯಲ್ಲಿ ಎಣ್ಣೆ ಡಬ್ಬಿ ಇತ್ತು, ಡಬ್ಬಿಯಲ್ಲಿ ಆ ಗಿಡ. ರೆಸಾರ್ಟೊಂದರಲ್ಲಿ ತೋಟದ ಕೆಲಸ ಮಾಡುತ್ತಿದ್ದ ಮಾಮ, ಅವ್ವೆಯ ತಮ್ಮ, ಕೊಟ್ಟಿದ್ದು. ಹೆತ್ತೆ ಜಗಲಿಯ ಮೇಲೆ ಕೂತು ಅವರೆ ಸುಲಿಯುತ್ತಿದ್ದವಳು ತಲೆಯೆತ್ತಿ ನೋಡಿದಳು.

"ಇದು ಏನ? ಕಾಯಿ ಬಿಡ್ತದೆಯಾ?"

"ಇಲ್ಲೆ ಮಾಮಿ, ಚಂದಕ."

"ಚಂದ ತಿಂದ್ರೆ ಹೊಟ್ಟೆ ತುಂಬ್ತದೆಯಾ? ಒಂದು ಚಳಿ ಬರ್ಲಿ, ಸುಟ್ಟು ಕರಿ ಆಗ್ತದೆ. ಕೆಳಗಿನದು ಮೇಲೆ ಬದುಕೋದಿಲ್ಲೆ."

ಅವ್ವೆ ಡಬ್ಬಿಯನ್ನು ಕೆಳಗಿಟ್ಟಳು. "ನಾ ಬದುಕಿಲ್ಲೆಯಾ?" ಎಂದಳು.

ಹೆತ್ತೆ ಇನ್ನೆರಡು ಅವರೆಕಾಯಿ ಸುಲಿದಳು. ಆಮೇಲೆ ಹೇಳಿದಳು: "ಆಗ್ಲಿ. ನಿನ್ನ ಗಿಡ ಎಮ್ಮ ಹಟ್ಟಿಲಿ ಮೂರು ಚಳಿ ತಾಳ್ಲಿ. ಮೂರನೇ ಚಳಿ ಮುಗಿದು ಮೊದಲ ಮಳೆ ಬಿದ್ದಾಗ ಅದರಲ್ಲಿ ಹಸಿರು ಇದ್ರೆ, ನಾ ನಿನ್ನ ಊರಿಗ ಬಂದು ಮೂರು ದಿನ ಇರ್ತೆನೆ. ಇಲ್ಲೆಂದ್ರೆ ಆ ಮಾತು ಈ ಮನೆಲಿ ಮತ್ತೆ ಎತ್ತಬೇಡ." ಅಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅವ್ವೆ ನಗಲಿಲ್ಲ. ಪಂಥವನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಳು.

ಮೊದಲ ಚಳಿಯಲ್ಲಿ ಗಿಡ ಇನ್ನೂ ಡಬ್ಬಿಯಲ್ಲೇ ಇತ್ತು, ಸಂಜೆಯಾದರೆ ಒಳಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಇದ್ದದ್ದೇ ಎರಡು ಕೋಣೆ, ಅವುಗಳ ಒಳಗೆ ಒಂದು ಪುಟ್ಟ ಹಾಲಿನ ಕೋಣೆ. ಒಲೆಯ ಪಕ್ಕ ಇಟ್ಟರೆ ಹೊಗೆಗೆ ಎಲೆಯ ತುದಿ ಕೆಂಪಾಯಿತು. ಬಾಗಿಲ ಪಕ್ಕ ಇಟ್ಟರೆ ಗಾಳಿ. ಕೊನೆಗೆ ಅಪ್ಪನಿಗೆ ಹಾಲಿನ ಕೋಣೆಯೇ ಬೆಚ್ಚಗಿದೆ ಎಂದು ಹೊಳೆದು, ಯಾರಿಗೂ ಹೇಳದೆ ಅಲ್ಲಿಟ್ಟ. ಆ ಕೋಣೆಗೆ ಗಂಡಸರು ಮಾತ್ರ ಹೋಗಬೇಕು. ಹಾಲು, ಮೊಸರು, ದೀಪ, ಅಷ್ಟೇ ಅಲ್ಲಿರುವುದು. ಹೀಗಾಗಿ ಅವ್ವೆಗೆ ತನ್ನ ಗಿಡವನ್ನು ತಾನೇ ನೋಡುವ ಹಾಗಿಲ್ಲ! ಹೊರಗಿನಿಂದ ಕೂಗುತ್ತಿದ್ದಳು, "ತುದಿ ಹಳದಿ ಆಗಿದೆಯಾ? ಮುಟ್ಟಿ ನೋಡಿ, ಮಣ್ಣು ಒದ್ದೆ ಇದೆಯಾ?" ಅಪ್ಪ ಒಳಗಿನಿಂದ ವರದಿ ಒಪ್ಪಿಸುತ್ತಿದ್ದ. ಮೂರನೇ ದಿನ ಡಬ್ಬಿಯ ತೂತಿನಿಂದ ಕೆಸರುನೀರು ಹರಿದು ಹೊಸ್ತಿಲಾಚೆ ಬಂದಾಗ ಹೆತ್ತೆಗೆ ಗೊತ್ತಾಯಿತು.

"ದೇವರ ಹಾಲಿನ ಪಕ್ಕ ಕಾಡುಗಿಡ ಮಲಗಿಸಿದೆಯಾ ಬೋಜಾ? ಅದಕ ಒಂದು ಚಾಪೆನೂ ಹಾಕು. ತಲೆದಿಂಬೂ ಕೊಡು."

ಬೋಜ ನನ್ನಪ್ಪ. ಅವನು ಸೆಗಣಿ ತಂದು ಕೋಣೆಯನ್ನು ಮತ್ತೆ ಸಾರಿಸಬೇಕಾಯಿತು. ಹೆತ್ತೆ ಹೊರಗೆ ಕೂತು, ಆ ಮೂಲೆ ಬಿಟ್ಟೆ, ಈ ಮೂಲೆ ಬಿಟ್ಟೆ ಎಂದು ಕಾಣದ ಕೋಣೆಗೆ ಮೇಸ್ತ್ರಿಕೆ ಮಾಡಿದಳು. ಹೇಗೋ ಏನೋ, ಗಿಡ ನಾಲ್ಕು ಎಲೆ ಕಳೆದುಕೊಂಡು ಉಳಿಯಿತು.

ಮಾಮ ಬಂದು ನೋಡಿ, ಡಬ್ಬಿಯಲ್ಲಿ ಬೇರು ಸುತ್ತಿಕೊಂಡಿದೆ, ನೆಲಕ್ಕೆ ಇಳಿಸಿ ಎಂದ. ಜಾಗ ಆರಿಸಿದವನೂ ಅವನೇ. ದಕ್ಷಿಣಕ್ಕೆ ಮುಖವಿರುವ ಕೊಟ್ಟಿಗೆಯ ಗೋಡೆ, ಹಗಲಿಡೀ ಬಿಸಿಲು ಕುಡಿಯುತ್ತದೆ, ಆಚೆ ಬದಿಯಲ್ಲಿ ಮೂರು ದನ ಮಲಗುತ್ತವೆ. "ದನದ ಮೈಶಾಖ ಗೋಡೆ ದಾಟ್ತದೆ ಕಣಕ್ಕ, ಅದೇ ಇದಕ್ಕೆ ಕಂಬಳಿ," ಎಂದ. ಮಸಿನಗುಡಿಯವರ ಮಾತಿನಲ್ಲಿ ಗುಂಡ್ಲುಪೇಟೆ ಸೇರಿಕೊಂಡಿರುತ್ತದೆ.

ಎರಡನೇ ಚಳಿಯಲ್ಲಿ ಒಂದು ವಿಚಿತ್ರ ನಡೆಯಿತು. ಪಂಥದ ಆಚೆ ಬದಿಯಲ್ಲಿದ್ದ ಹೆತ್ತೆ ಮೆಲ್ಲಗೆ ಈಚೆ ಬದಿಯ ಕೆಲಸಕ್ಕೆ ಇಳಿದಳು. ಮೊದಲು ಬರೀ ಬಾಯಿಂದ. ಸಂಜೆ ಅಂಗಳದಲ್ಲಿ ನಿಂತು ನಮ್ಮ ಹೆಂಚಿನಿಂದ ಏಳುವ ಒಲೆಯ ಹೊಗೆ ನೋಡುತ್ತಿದ್ದಳು. ಹೊಗೆ ನೆಟ್ಟಗೆ ಮೇಲೆದ್ದರೆ ಗಾಳಿಯಿಲ್ಲ, ಮೋಡವಿಲ್ಲ, ನಾಳೆ ಬೆಳ್ಳಗೆ ಬೀಳುತ್ತದೆ. ಹೊಗೆ ಹೆಂಚಿನ ಮೇಲೆ ಮಲಗಿದರೆ ಭಯವಿಲ್ಲ. ಆಲೂಗಡ್ಡೆ ಬೆಳೆದು ಕಲಿತ ವಿದ್ಯೆ ಅದು. "ಸರೋಜಾ, ಹೊಗೆ ಎದ್ದಿದೆ," ಎಂದು ಒಳಗಿದ್ದ ಅವ್ವೆಗೆ ಕೇಳುವ ಹಾಗೆ ಹೇಳಿ, ತನಗೇನೂ ಸಂಬಂಧವಿಲ್ಲದವಳಂತೆ ಹೋಗಿ ಕೂರುತ್ತಿದ್ದಳು. ಆಮೇಲೆ ಕೈಯಿಂದಲೂ ಶುರುವಾಯಿತು. ನಮ್ಮ ಕಣಿವೆಗೆ ಬಿಸಿಲು ತಡವಾಗಿ ಬರುತ್ತದೆ, ಎದುರು ಗುಡ್ಡದಿಂದ ಒಂದೊಂದೇ ಹೊಲ ಇಳಿದು ಬರುತ್ತದೆ. ಒಂದು ಬೆಳಿಗ್ಗೆ ನಾನು ಎದ್ದು ಬಂದಾಗ ಹೆತ್ತೆ ಗಿಡದ ಚೀಲ ತೆಗೆದು, ಬಿಳಿ ಹಿಡಿದಿದ್ದ ಎಲೆತುದಿಗಳ ಮೇಲೆ ಚೊಂಬಿನಿಂದ ನೀರು ಬಿಡುತ್ತಿದ್ದಳು. ಬಿಸಿಲು ಪಕ್ಕದ ಕೋಸಿನ ಹೊಲಕ್ಕೆ ಬಂದಾಗಿತ್ತು.

"ಸುಡೋದು ಚಳಿ ಅಲ್ಲ ಕೂಸೇ, ಬಿಸಿಲು. ಬಿಳಿ ಇದ್ದ ಹಾಗೇ ಬಿಸಿಲು ಬಿದ್ರೆ ಎಲೆ ಬೇಯ್ತದೆ. ಅದರ ಮೊದಲು ತೊಳಿಬೇಕು."

"ಹೆತ್ತೆ, ಗಿಡ ಬದುಕಿದ್ರೆ ನೀ ಸೋಲ್ತೆ ಅಲ್ವಾ?"

"ಸೋಲ್ತೆನೆ. ಅದಕ್ಕಾಗಿ ಕಣ್ಣೆದುರು ಸಾಯೋದನ್ನ ನೋಡ್ಕೊಂಡು ಕೂರ್ಲಾ?"

ಅಂದಿನಿಂದ ಬೆಳಗಿನ ಚೊಂಬು ಅವಳದು, ಸಂಜೆಯ ಚೀಲ ಅವ್ವೆಯದು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಗಿಡ ಆ ವರ್ಷ ನನ್ನ ಎದೆಯೆತ್ತರ ಬಂದು, ನಾಲ್ಕು ಕಾಂಡವಾಗಿ, ಮೇಲಿನ ಸಾಲಿನವರೂ ಇಳಿದು ಬಂದು ನೋಡುವಂತಾಯಿತು.

ಮೂರನೇ ಚಳಿಯ ಜನವರಿಯಲ್ಲಿ ಮಾಮನ ಹೆಂಡತಿಗೆ ಹೆರಿಗೆಯಾಗಿ, ಅವ್ವೆ ಎರಡು ವರ್ಷದ ನನ್ನ ತಮ್ಮನನ್ನು ಎತ್ತಿಕೊಂಡು ನಾಲ್ಕು ದಿನಕ್ಕೆಂದು ಮಸಿನಗುಡಿಗೆ ಹೋದಳು. ಅದೇ ಹೊತ್ತಿಗೆ ಹೆತ್ತೆಗೆ ಕೀಳ್ ಕೋತಗಿರಿಯಲ್ಲಿದ್ದ ಮಗಳ ಮನೆಯಿಂದ ಕರೆ ಬಂತು. ಉಳಿದವರು ಅಪ್ಪ ಮತ್ತು ನಾನು. ಇಬ್ಬರಿಗೂ ಹಬ್ಬ. ಮೂರು ಹೊತ್ತೂ ರಾಗಿಹಿಟ್ಟು, ನಿನ್ನೆಯ ಅವರೆ ಸಾರು, ಪಾತ್ರೆ ತೊಳೆಯುವವರಿಲ್ಲ, ಬೈಯುವವರಿಲ್ಲ. ಎರಡನೇ ಸಂಜೆ ಅಪ್ಪ ಅಂಗಳಕ್ಕೆ ಹೋಗಿ, ಹೆತ್ತೆಯ ಹಾಗೇ ಸೊಂಟದ ಮೇಲೆ ಕೈಯಿಟ್ಟು ಹೊಗೆ ನೋಡಿದ. ಹೊಗೆ ಹೆಂಚಿನ ಮೇಲೆ ಮಲಗಿತ್ತು.

"ಪರವಾಯಿಲ್ಲೆ, ಇವತ್ತು ಹೊದಿಸೋದು ಬೇಡ," ಎಂದ. ನನಗೂ ಅದೇ ಬೇಕಾಗಿತ್ತು. ಜರಿಸೊಪ್ಪು ಒಟ್ಟುವುದು ನನ್ನ ಪಾಲಿನ ಕೆಲಸ, ಕೈಯೆಲ್ಲ ತುರಿಕೆ. ಅಪ್ಪನಿಗೆ ನೆನಪಿರದಿದ್ದ ಸಂಗತಿಯೆಂದರೆ ಒಲೆಗೆ ಆ ದಿನ ಹಸಿ ಸೌದೆ ಹಾಕಿದವನು ಅವನೇ. ಹಸಿ ಸೌದೆಯ ಹೊಗೆ ಯಾವ ಕಾಲದಲ್ಲೂ ಮಲಗುತ್ತದೆ. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಬಿಸಿಲು ಕೊಟ್ಟಿಗೆಯ ಗೋಡೆಯ ಮೇಲಿತ್ತು. ಬೆಳ್ಳಗೆ ಬಿದ್ದದ್ದು ಕರಗಿ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ಬಂದವು, ಮರುದಿನ ಕಂದು.

ಅಪ್ಪ ಆ ಎರಡು ದಿನ ಗಿಡದ ಸುತ್ತ ತಿರುಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಪಾಪ ಎಂದೂ ಅನ್ನಿಸುತ್ತದೆ. ಅವನು ಚಹಾ ಬೆಳೆಯುವ ಮನುಷ್ಯ. ಅವನ ಜೀವಮಾನದಲ್ಲಿ ಎಲೆ ಸುಟ್ಟ ಗಿಡಕ್ಕೆ ಔಷಧಿ ಒಂದೇ, ಕವಾತು. ಚಹಾ ಗಿಡ ಎಷ್ಟು ಹಾಳಾಗಿದ್ದರೂ ಮೊಣಕಾಲಿನೆತ್ತರಕ್ಕೆ ಸಮವಾಗಿ ಕತ್ತರಿಸಿ ಬಿಟ್ಟರೆ ಎರಡು ತಿಂಗಳಲ್ಲಿ ಮೈತುಂಬ ಚಿಗುರುತ್ತದೆ. ನಮ್ಮ ಹಟ್ಟಿಯಲ್ಲಿ ಕವಾತು ಮಾಡುವುದರಲ್ಲಿ ಅಪ್ಪನ ಕೈಗೆ ಹೆಸರಿತ್ತು. ಹೆಂಗಸರು ಬರುವ ದಿನ ಬೆಳಿಗ್ಗೆ ಅವನು ಕತ್ತಿ ಮಸೆದ. ನಾಲ್ಕು ಹಳದಿ ಕಾಂಡಗಳನ್ನೂ ಓರೆಯಾಗಿ, ಒಂದೇ ಏಟಿಗೆ ಒಂದರಂತೆ, ಮೇಜಿನ ಹಾಗೆ ಸಮವಾಗಿ ಕಡಿದ. ಕಡಿದ ಬಾಯಿಗೆ ಸೆಗಣಿ ಮೆತ್ತಿದ. ನಾನು ಗರಿಗಳನ್ನು ಒಟ್ಟುಗೂಡಿಸಿ ದನಕ್ಕೆ ಹಾಕಿದೆ. ಇಬ್ಬರೂ ಹಿಂದೆ ಸರಿದು ನಿಂತು ನೋಡಿದೆವು.

"ಎಷ್ಟು ಅಚ್ಚುಕಟ್ಟು ನೋಡು," ಎಂದ ಅಪ್ಪ. ನನಗೂ ಹಾಗೇ ಕಂಡಿತು. ಇದನ್ನು ಒಪ್ಪಿಕೊಳ್ಳದೆ ಈ ಅಧ್ಯಾಯ ಬರೆದರೆ ಸುಳ್ಳಾಗುತ್ತದೆ.

ಮಧ್ಯಾಹ್ನ ಅವ್ವೆ ಬಂದಳು. ತಮ್ಮನನ್ನು ಇಳಿಸದೆ ನೇರ ಹಿತ್ತಲಿಗೆ ಹೋದಳು. ನಾಲ್ಕು ಮೊಂಡು ಕಾಂಡಗಳನ್ನು ನೋಡಿ ಅಲ್ಲೇ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ತೆಂಗಿನ ಮರದ ತಲೆ ಕಡಿದ್ರೆ ಮತ್ತೆ ತಲೆ ಬರ್ತದಾ?" ಎಂದು ಕೇಳಿದಳು. ಮೆಲ್ಲಗೆ, ತಿಳಿಯಬೇಕೆಂದು ಕೇಳುವವಳ ಹಾಗೆ.

ಅಪ್ಪನಿಗೆ ತೆಂಗಿನಕಾಯಿ ಗೊತ್ತಿತ್ತು, ಮರ ಸಾಕಿ ಗೊತ್ತಿರಲಿಲ್ಲ. "ಬರೋದಿಲ್ಲೆಯಾ?" ಎಂದ.

"ಈ ಜಾತಿಗೆಲ್ಲ ಒಂದು ಕಾಂಡಕ್ಕೆ ಒಂದೇ ಕುಡಿ. ಎಲೆ ಸುಟ್ರೂ ಕುಡಿ ಒಳಗೆ ಇರ್ತದೆ. ಸುಟ್ಟ ಎಲೆನೇ ಅದಕ್ಕೆ ಹೊದಿಕೆ, ಮಳೆ ಬರೋವರೆಗೆ ಮುಟ್ಟಬಾರದು. ನೀವು ಹೊದಿಕೆನೂ ತೆಗೆದ್ರಿ, ತಲೆನೂ ತೆಗೆದ್ರಿ."

ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಸಂಜೆ ಹೆತ್ತೆ ಬಂದಳು. ಅವಳಿಗೆ ಎಲ್ಲ ತಿಳಿಯಲು ಒಂದು ನಿಮಿಷ ಸಾಕಾಯಿತು. ಗೆದ್ದೆ ಎಂದು ಕುಣಿಯುತ್ತಾಳೆಂದು ನಾನು ಕಾದಿದ್ದೆ. ಬದಲಿಗೆ ಸೀದಾ ಮಗನ ಮೇಲೆ ಹರಿಹಾಯ್ದಳು. "ಎರಡು ಚಳಿ ನೀರು ಹೊಯ್ದಿದ್ದೆನೆ ನಾ! ಕತ್ತಿ ಕೈಲಿದ್ರೆ ಕಂಡದ್ದೆಲ್ಲ ಟೀ ಗಿಡವಾ? ನಾಳೆ ಎನ್ನ ತಲೆ ನೋಯ್ತದೆ ಅಂದ್ರೆ ಎನಗೂ ಕವಾತು ಮಾಡ್ತೆಯಾ?" ಆ ಸಂಜೆ ಊಟವಾದ ಮೇಲೆ ಅಪ್ಪ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟ.

ಗಿಡ ಸತ್ತಿತೆಂದು ಎಲ್ಲರೂ ತಿಳಿದ ಮೇಲೂ ಬೆಳಗಿನ ಚೊಂಬು ನಿಲ್ಲಲಿಲ್ಲ. ಯಾಕೆ ಎಂದು ಕೇಳಿದರೆ, "ಕೈಗ ಅಭ್ಯಾಸ," ಎನ್ನುತ್ತಿದ್ದಳು ಹೆತ್ತೆ. ಮಾರ್ಚ್ ಕಳೆಯುತ್ತಿರುವಾಗ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವ್ವೆ ಗಿಡದ ಬುಡದಲ್ಲಿ ಬಗ್ಗಿದ್ದಳು. ಮೊಂಡು ಕಾಂಡಗಳ ಪಕ್ಕ, ಮಣ್ಣಿನಿಂದ, ಬೆರಳಿನಷ್ಟು ಉದ್ದದ ಹಸಿರು ಮೊನೆಯೊಂದು ಎದ್ದಿತ್ತು. ಬೇರಿನಿಂದ ಬಂದ ಹೊಸ ಕವಲು. ನಾನು ಕಿರುಚುವ ಮೊದಲೇ ಅವ್ವೆ ನನ್ನ ಬಾಯಿ ಮುಚ್ಚಿದಳು. ಒಡೆದ ಮಡಕೆಯ ಕೆಳಭಾಗವನ್ನು ತಂದು ಅದರ ಮೇಲೆ ಬೋರಲು ಹಾಕಿ, ಸುತ್ತ ಜರಿಸೊಪ್ಪು ಚೆಲ್ಲಿದಳು.

"ಹೆತ್ತೆಗೆ ಹೇಳಬೇಡ."

"ಏಕ ಅವ್ವೆ? ನೀ ಗೆದ್ದೆ!"

"ಗೆದ್ದು ಕರ್ಕೊಂಡು ಹೋದ್ರೆ ಪಂಥಕ್ಕೆ ಬಂದ ಹಾಗೆ ಆಗ್ತದೆ. ಎನ್ನ ಅವ್ವೆ ಪಂಥದ ನೆಂಟರಿಗಾಗಿ ಹನ್ನೆರಡು ವರ್ಷ ಬಾಗಿಲು ಕಾದಿಲ್ಲ."

"ಮತ್ತೆ ಹೆತ್ತೆ ಬರದೇ ಹೋದ್ರೆ?"

ಅವ್ವೆ ಕೈಯ ಮಣ್ಣು ಒರೆಸಿಕೊಂಡಳು. "ಬರದೇ ಹೋದ್ರೆ ಬೇಡ," ಎಂದಳು. ಆದರೆ ಆ ಸಂಜೆ ಪಾತ್ರೆಗಳನ್ನು ಜೋರಾಗಿ ಇಟ್ಟಳು. ಹತ್ತು ವರ್ಷದ ನನಗೆ ಅಂಥ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಎಷ್ಟು ಕಷ್ಟವಾಯಿತೆಂದರೆ, ಹೆತ್ತೆಯ ಪಕ್ಕ ಮಲಗುವುದನ್ನೇ ಬಿಟ್ಟೆ.

ಏಪ್ರಿಲ್‌ನಲ್ಲಿ ಮೊದಲ ಮಳೆ ಬಿತ್ತು. ಮಳೆ ನಿಂತ ಮೇಲೆ ಹೆತ್ತೆ ತಲೆಯ ಬಿಳಿ ವಸ್ತ್ರ ಸರಿಮಾಡಿಕೊಂಡು ಹಿತ್ತಲಿಗೆ ಹೋದಳು. ನಾವೆಲ್ಲ ಹಿಂದೆ ಹೋದೆವು. ಅವಳು ಮೊಂಡು ಕಾಂಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮಡಕೆಯ ಚೂರಿನ ಪಕ್ಕದಲ್ಲೇ ಅವಳ ಕಾಲಿತ್ತು.

"ಹಸಿರು ಇಲ್ಲೆ," ಎಂದಳು. "ನಾ ಗೆದ್ದೆ."

"ಗೆದ್ರಿ ಮಾಮಿ," ಎಂದಳು ಅವ್ವೆ.

ಎರಡು ದಿನ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಮೂರನೆಯ ದಿನ, ಎಲ್ಲರೂ ಉಣ್ಣುತ್ತಿರುವಾಗ ಹೆತ್ತೆ ಹಿಟ್ಟು ಮುರಿಯುತ್ತ ಕೇಳಿದಳು.

"ಬೋಜಾ, ಮಸಿನಗುಡಿ ಬಸ್ಸು ಎಷ್ಟು ಹೊತ್ತಿಗ?"

ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ಅವ್ವೆ ತಲೆಯೆತ್ತಲಿಲ್ಲ.

"ಅವಳ ತಮ್ಮ ಕೊಟ್ಟದ್ದು ಸಣಕಲು ಗಿಡ. ಇನ್ನೊಂದು ತರಬೇಕು. ಅವನ ಕೈಗ ಬಿಟ್ರೆ ಮತ್ತೆ ಅಂಥದ್ದೇ ಕೊಡ್ತಾನೆ. ನಾನೇ ಹೋಗಿ ಆರಿಸ್ತೆನೆ."

ಹೆತ್ತೆ ಹೊರಟ ವೈಭವ ನೋಡಬೇಕಿತ್ತು. ಎರಡು ಸ್ವೆಟರ್, ಅದರ ಮೇಲೆ ಶಾಲು, ಜ್ವರಕ್ಕೆಂದು ಒಣಶುಂಠಿಯ ಗಂಟು, ಕೆಳಗಿನ ನೀರು ಕುಡಿಯುವುದಿಲ್ಲವೆಂದು ಕೆತ್ತಿಯ ನೀರು ತುಂಬಿದ ಐದು ಲೀಟರಿನ ಕ್ಯಾನು. ಕಲ್ಲಹಟ್ಟಿ ಘಾಟಿಯ ಮೂವತ್ತಾರು ತಿರುವಿನಲ್ಲೂ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿದಿದ್ದಳು. ಹತ್ತನೇ ತಿರುವಿಗೆ ಶಾಲು ಹೋಯಿತು, ಇಪ್ಪತ್ತನೇ ತಿರು‍ವಿಗೆ ಒಂದು ಸ್ವೆಟರ್, ಕೆಳಗಿಳಿಯುವಾಗ ಇನ್ನೊಂದು. ಮಸಿನಗುಡಿ ಹೆತ್ತೆ ಎಂದಿನಂತೆ ಬಸ್ಸಿನ ಬಾಗಿಲು ನೋಡುತ್ತ ನಿಂತಿದ್ದಳು. ಅವ್ವೆ ಇಳಿದಳು, ನಾನು ಇಳಿದೆ. ಅವಳು ಎಂದಿನಂತೆ ಇನ್ನೊಂದು ಕ್ಷಣ ನೋಡಿದಳು. ಆಗ ಬಾಗಿಲಲ್ಲಿ ಮೊದಲು ನೀರಿನ ಕ್ಯಾನು ಕಾಣಿಸಿತು, ಅದರ ಹಿಂದೆ ನನ್ನ ಹೆತ್ತೆ.

ನಮ್ಮಲ್ಲಿ ಚಿಕ್ಕವರು ಬಗ್ಗಬೇಕು, ದೊಡ್ಡವರು ತಲೆ ಮುಟ್ಟಿ ಹರಸಬೇಕು. ಈ ಇಬ್ಬರಲ್ಲಿ ಯಾರು ದೊಡ್ಡವರೆಂದು ಯಾರಿಗೂ ಗೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಬಗ್ಗಿದರು, ತಲೆಗೆ ತಲೆ ತಾಗಿತು. "ನೀ ದೊಡ್ಡವಳು," "ಇಲ್ಲೆ, ನೀನೇ ದೊಡ್ಡವಳು," ಎಂದು ರಸ್ತೆಯಲ್ಲೇ ಜಗಳ. ಕೊನೆಗೆ ಒಬ್ಬರ ತಲೆ ಮೇಲೆ ಇನ್ನೊಬ್ಬರು ಕೈಯಿಟ್ಟುಕೊಂಡು, "ಒಂದು ಸಾವಿರ ಆಗ್ಲಿ, ಒಂದು ಸಾವಿರ ಆಗ್ಲಿ," ಎಂದು ಇಬ್ಬರೂ ಹರಸಿದರು. ಕಂಡಕ್ಟರ್ ಬಸ್ಸು ಬಿಡದೆ ನೋಡುತ್ತಿದ್ದ. ಅವ್ವೆ ಆಚೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು, ನನಗೆ ಸಂತೋಷಕ್ಕೆ ಕುಣಿಯಬೇಕೆನ್ನಿಸಿತು.

ಎರಡನೇ ದಿನಕ್ಕೆ ಕ್ಯಾನಿನ ನೀರು ಮುಗಿಯಿತು, ಹೆತ್ತೆ ಮಾತಿಲ್ಲದೆ ಕೆಳಗಿನ ನೀರು ಕುಡಿದಳು. ಮೂರನೇ ದಿನ, ತನ್ನ ಮೊಣಕಾಲು ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ನೋಯುತ್ತಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಹಬ್ಬದ ತಿಂಡಿ ತುಪ್ಪದಿಟ್ಟು ಮಾಡುವ ಬಗ್ಗೆ ಇಬ್ಬರು ಹೆತ್ತೆಯರೂ ಒಲೆಯ ಮುಂದೆ ವಾದಕ್ಕಿಳಿದರು. ಜ್ವರ ಬರಲಿಲ್ಲ. ಒಂಬತ್ತು ದಿನ ಇದ್ದಳು. ಹೊರಡುವ ಹಿಂದಿನ ದಿನ ಮಾಮ ಅವಳನ್ನು ಗಿಡಗಳಿದ್ದ ಕಡೆಗೆ ಕರೆದೊಯ್ದ. ಅಲ್ಲಿ ಬೀಸಣಿಗೆಯಂಥ ಎಲೆಯ, ಕಾಂಡದ ತುಂಬ ನಾರಿದ್ದ ಗಟ್ಟಿಮುಟ್ಟು ಗಿಡವೊಂದನ್ನು ತೋರಿಸಿದ.

"ಇದನ್ನ ತಗೊಂಡೋಗಿ ಅತ್ತೆ. ಇದೂ ತಾಳೆ ಜಾತಿನೇ, ಹಿಮ ಬೀಳೋ ದೇಶದ್ದು. ಊಟಿ ಪಾರ್ಕಲ್ಲೂ ಇದೆ. ಹೊದಿಸೋದು ಬೇಡ, ನೀರು ಹೊಯ್ಯೋದು ಬೇಡ, ಏನೂ ಆಗಲ್ಲ."

ಹೆತ್ತೆ ಅದನ್ನು ಸುತ್ತಿ ಬಂದು ನೋಡಿದಳು. "ಹೊದಿಸೋದು ಬೇಡದ ಗಿಡ ಎನಗ ಯಾತಕ?" ಎಂದಳು. ಮತ್ತೆ ಅದೇ ಹಳದಿ ಕಾಂಡದ, ಮೆತ್ತನೆಯ ಗರಿಯ ಅರೆಕಾ ಪಾಮನ್ನೇ ಆರಿಸಿ, ಮೂವತ್ತಾರು ತಿರುವೂ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು.

ಅದನ್ನು ನೆಡಲು ಹಿತ್ತಲಿಗೆ ಹೋದಾಗ ಒಡೆದ ಮಡಕೆ ಪಕ್ಕಕ್ಕೆ ಉರುಳಿತ್ತು. ಹಳೆಯ ಬುಡದಲ್ಲಿ ಗೇಣುದ್ದದ ಎರಡು ಎಲೆ ಬಿಚ್ಚಿಕೊಂಡು ನಿಂತಿದ್ದವು. "ಅಯ್ಯೋ, ಇದು ಯಾವಾಗ ಬಂತು?" ಎಂದು ಅವ್ವೆ ಅಚ್ಚರಿಪಟ್ಟಳು, ಚೆನ್ನಾಗಿಯೇ ಪಟ್ಟಳು. "ಮಳೆ ಆದ ಮೇಲೆ ಬಂದದ್ದು. ಲೆಕ್ಕಕ್ಕಿಲ್ಲೆ," ಎಂದಳು ಹೆತ್ತೆ. ಯಾರು ಗೆದ್ದರೆಂದು ಆಮೇಲೆ ವರ್ಷಗಟ್ಟಲೆ ಆ ಮನೆಯಲ್ಲಿ ಚರ್ಚೆಯಾಯಿತು. ನಾನು ಅವ್ವೆಯ ಜಾಣತನವನ್ನು ಒಳಗೊಳಗೇ ಮೆಚ್ಚಿಕೊಂಡು ದೊಡ್ಡವಳಾದೆ. ಸೋತ ಹಾಗೆ ಕಂಡು ಗೆಲ್ಲುವುದನ್ನು ಅವಳಿಂದ ಕಲಿತೆ ಎಂದುಕೊಂಡಿದ್ದೆ.

ಹೆತ್ತೆ ತೀರಿಹೋಗುವುದಕ್ಕೆ ಒಂದು ವರ್ಷ ಮೊದಲು ನಾನು ರಜೆಗೆ ಊರಿಗೆ ಹೋಗಿದ್ದೆ. ಅವಳಿಗೆ ಅಷ್ಟು ಹೊತ್ತಿಗೆ ಚೊಂಬು ಎತ್ತಲಾಗುತ್ತಿರಲಿಲ್ಲ. ಕೊಟ್ಟಿಗೆಯ ಗೋಡೆಯ ಬಳಿ ಕುರ್ಚಿ ಹಾಕಿಸಿಕೊಂಡು, ಎರಡು ಪೊದೆಯಾಗಿ ಬೆಳೆದಿದ್ದ ಗಿಡಗಳಿಗೆ ನಾನು ನೀರು ಬಿಡುವುದನ್ನು ನೋಡುತ್ತಿದ್ದಳು. ಹಳೆಯ ಗುಟ್ಟನ್ನು ಇನ್ನು ಹೇಳಿದರೆ ತಪ್ಪೇನು ಎನ್ನಿಸಿ, "ಹೆತ್ತೆ, ಆ ಮಳೆಗೆ ಮೊದಲೇ ಇಲ್ಲಿ ಚಿಗುರಿತ್ತು, ಅವ್ವೆ ಮಡಕೆ ಮುಚ್ಚಿ ಬಚ್ಚಿಟ್ಟಿದ್ದಳು," ಎಂದೆ.

"ಎನಗ ಹೇಳ್ತೆಯಾ? ದಿನಾ ಬೆಳಿಗ್ಗೆ ಇಲ್ಲಿ ನೀರು ಹೊಯ್ದದ್ದು ಯಾರು? ಆ ಮಡಕೆ ಎತ್ತಿ, ನೀರು ಹಾಕಿ, ನಿನ್ನ ಅವ್ವೆ ಇಟ್ಟ ಹಾಗೇ ಮತ್ತೆ ಇಟ್ಟದ್ದು ಯಾರು?"

ನಾನು ಚೊಂಬು ಕೆಳಗಿಟ್ಟೆ. "ಮತ್ತೆ ಸೋತೆ ಅಂತ ಹೇಳಿಯೇ ಹೋಗಬಹುದಿತ್ತಲ್ಲ?"

"ಸೋತು ಹೋದ್ರೆ ಮೂರು ದಿನ ಕೂಸೇ," ಎಂದಳು ಹೆತ್ತೆ. "ನಾನಾಗಿ ಹೋದ್ರೆ, ಎಷ್ಟು ದಿನ ಬೇಕಂದ್ರೂ ಇರಬಹುದು."

ಇದನ್ನು ನಾನು ಅವ್ವೆಗೆ ಹೇಳಿರಲಿಲ್ಲ. ಮೊನ್ನೆ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಈ ಹಾಳೆಗಳನ್ನು ಜಗಲಿಯ ಮೇಲೆ ಕೂತು ಅವಳಿಗೆ ಓದಿ ಹೇಳಿದೆ. ಈಗ ಕೊಟ್ಟಿಗೆಯಲ್ಲಿ ದನಗಳಿಲ್ಲ, ತಮ್ಮನ ಬೈಕಿದೆ. ಗೋಡೆ ತಣ್ಣಗಿರುತ್ತದೆಂದು ಅವನು ಗಿಡಗಳ ನಡುವೆ ಒಂದು ಬಲ್ಬು ಉರಿಸುತ್ತಾನೆ. ಅಪ್ಪ ಕತ್ತಿ ಹಿಡಿದು ಆ ಕಡೆ ಹೆಜ್ಜೆಯಿಟ್ಟರೆ ಮೊಮ್ಮಕ್ಕಳೂ ಕೂಗುತ್ತಾರೆ. ಕವಾತಿನ ಭಾಗ ಬಂದಾಗ ಅವ್ವೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಅಪ್ಪ ಎದ್ದು ಒಳಗೆ ಹೋದ. ಕೊನೆಯ ಮಾತು ಓದಿದಾಗ ಅವ್ವೆ ನಗಲಿಲ್ಲ. ಹಿತ್ತಲ ಕಡೆ ನೋಡಿದಳು. ಐದು ಗಂಟೆಯಾಗಿತ್ತು, ನಮ್ಮ ಮನೆಯ ಹೊಗೆ ನೆಟ್ಟಗೆ ಏಳುತ್ತಿತ್ತು.

"ಒಂಬತ್ತು ದಿನ ಇದ್ರು," ಎಂದಳು. ಎದ್ದು ಚೀಲ ಕೊಡವಿಕೊಂಡು, ಹೊದಿಸಲು ಹೋದಳು.